ಹಿಂದೆ ಯಾರವ್ರೆ? : ಹಾಸನ ಸೀಮೆಯ ಪಿತೂರಿ ಕಥನಗಳು

ನಮ್ಮ ಹಾಸನ ಸೀಮೆಯಲ್ಲಿ ರಾಜಕೀಯವನ್ನು ಕಂಡಹಾಗೆ ಯಾರೂ ಮಾತಾಡುವುದಿಲ್ಲ. ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಾಗಲಿ, ಅರಕಲಗೂಡಿನ ಸಂತೆಯಲ್ಲಾಗಲಿ, ಚನ್ನರಾಯಪಟ್ಟಣದ ಟೀ ಅಂಗಡಿಯ ಮುಂದಾಗಲಿ ಒಂದು ಸುದ್ದಿ ಬಂತೆಂದರೆ ಅದರ ಹಿಂದೆ ಇನ್ನೊಂದು ಸುದ್ದಿ ಇದ್ದೇ ಇರಬೇಕು. ಯಾರೋ ಸೋತರೆ ಒಳಒಪ್ಪಂದ, ಯಾರೋ ಗೆದ್ದರೆ ಹೊಂದಾಣಿಕೆ, ಯಾರ ಮೇಲಾದರೂ ಕೇಸು ಬಿದ್ದರೆ ಪಿತೂರಿ. "ಇದನ್ನೆಲ್ಲ ಮಾಡ್ಸವ್ರೆ ಕಣಣ್ಣ, ಹಿಂದೆ ಯಾರವ್ರೆ ಗೊತ್ತಾ?" ಎಂದು ಒಬ್ಬರು ದನಿ ತಗ್ಗಿಸಿದರೆ ಸುತ್ತಲಿನ ನಾಲ್ಕು ಜನ ಮುಂದಕ್ಕೆ ಬಾಗುತ್ತಾರೆ. ಈಗ ಈ ಮಾತು ಮೊಬೈಲಿನೊಳಗೆ ಹೊಕ್ಕು ದಿನಕ್ಕೆ ಹತ್ತು ಸಲ ಮನೆಗೇ ಬರುತ್ತದೆ, ಅಷ್ಟೇ ವ್ಯತ್ಯಾಸ. ಮಾತಿನ ರಾಗ ಹಳೆಯದು.

ಇದನ್ನು ಅವಿದ್ಯಾವಂತರ ಹರಟೆ ಎಂದು ತಳ್ಳಿಹಾಕುವುದು ಸುಲಭ. ಓದಿದ ಮಧ್ಯಮವರ್ಗ ಹಾಗೆಯೇ ಮಾಡುತ್ತದೆ, ಮಾಡುತ್ತಲೇ ತಾನೂ ಇಂಥದ್ದೇ ಕಥೆಗಳನ್ನು ಇಂಗ್ಲಿಷಿನಲ್ಲಿ ನಂಬುತ್ತದೆ. ಚರಿತ್ರೆ ಪಾಠ ಮಾಡುವ ನನಗೆ ಈ ಕಥೆಗಳ ಸತ್ಯಾಸತ್ಯತೆಗಿಂತ ಮುಖ್ಯವಾಗಿ ಕಾಣುವುದು ಇವು ಮಾಡುವ ಕೆಲಸ. ಪಿತೂರಿ ಕಥನದಲ್ಲಿ ಯಾರು ಕರ್ತೃ, ಯಾರು ಬರೀ ಪ್ರೇಕ್ಷಕ? ಯಾರಿಗೆ ಬುದ್ಧಿ ಇದೆ ಎಂದು ಅದು ಒಪ್ಪುತ್ತದೆ, ಯಾರಿಗೆ ಇಲ್ಲವೆನ್ನುತ್ತದೆ? ದಲಿತ ವಿಮರ್ಶೆ ಸಾಹಿತ್ಯ ಕೃತಿಗಳಾಚೆಗೆ ಬಂದು ಈ ದಿನನಿತ್ಯದ ಮೌಖಿಕ ಪಠ್ಯವನ್ನೂ ಓದಬೇಕೆಂದು ನನಗೆ ಬಹಳ ದಿನದಿಂದ ಅನ್ನಿಸಿದೆ.

ಮೊದಲು ಮಾಟದ ವಿಷಯ. 2011ರ ಜನವರಿಯಲ್ಲಿ ಮುಖ್ಯಮಂತ್ರಿಯಾಗಿದ್ದ ಬಿ.ಎಸ್. ಯಡಿಯೂರಪ್ಪನವರು ತಮ್ಮನ್ನು ಮುಗಿಸಲು ವಿರೋಧಿಗಳು ಮಾಟಮಂತ್ರ ಮಾಡಿಸುತ್ತಿದ್ದಾರೆ ಎಂದು ಬಹಿರಂಗವಾಗಿ ಹೇಳಿದರು. ಅದೇ ವರ್ಷ ಜೂನ್ 27ಕ್ಕೆ ಧರ್ಮಸ್ಥಳದ ಮಂಜುನಾಥನ ಮುಂದೆ ಆಣೆ ಮಾಡೋಣ ಬನ್ನಿ ಎಂದು ಅವರಿಗೂ ಎಚ್.ಡಿ. ಕುಮಾರಸ್ವಾಮಿಯವರಿಗೂ ಸವಾಲು ಬಿದ್ದು, ಇಬ್ಬರೂ ಹೋಗಿ, ಆಣೆ ಮಾಡದೆ ಬಂದರು. ಒಳಗುಟ್ಟಿನ ಸಂಧಾನ ನಡೆದಿತ್ತೋ ಇಲ್ಲವೋ ಎಂಬುದು ಆಣೆಯ ವಿಷಯ. ಸಂವಿಧಾನದ ಹೆಸರಲ್ಲಿ ಪ್ರಮಾಣ ಮಾಡಿದವರಿಗೆ ಇನ್ನೊಂದು ಪ್ರಮಾಣ ಬೇಕಾಯಿತು, ನೋಡಿ. ಎಚ್.ಡಿ. ರೇವಣ್ಣನವರ ಕೈಯ ನಿಂಬೆಹಣ್ಣಂತೂ ಇಡೀ ರಾಜ್ಯದ ನಗೆಚಾಟಿಕೆಯಾಯಿತು. ನಾನು ನಗುವುದಿಲ್ಲ. ದೊಡ್ಡವರು ಮಾಟಕ್ಕೆ ಹೆದರಿದರೆ ಅದು ಪತ್ರಿಕೆಯ ಮೊದಲ ಪುಟಕ್ಕೆ ರಾಜಕೀಯ ಸುದ್ದಿಯಾಗುತ್ತದೆ. ಕೇರಿಯ ಮುದುಕಿಯೊಬ್ಬಳ ಮೇಲೆ ಮಾಟದ ಅಪವಾದ ಬಂದರೆ ಏಟು ಬೀಳುತ್ತದೆ. ಭಯ ಒಂದೇ, ಬೆಲೆ ಬೇರೆ. 2017ರಲ್ಲಿ ನಮ್ಮ ಶಾಸನಸಭೆ ಮಡೆಸ್ನಾನವನ್ನೂ ವಾಮಾಚಾರವನ್ನೂ ಸೇರಿಸಿ ಒಂದು ನಿಷೇಧ ಕಾಯ್ದೆ ಮಾಡಿತು. ಮಾಟಕ್ಕೆ ಹೆದರುತ್ತೇವೆಂದು ಹೇಳಿಕೊಂಡವರು ಕೂತ ಶಾಸನಸಭೆಯೇ ಅದನ್ನು ಒಪ್ಪಿದ್ದು.

2024ರ ಮೇ 30ರಂದು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರು ಕೇರಳದ ರಾಜರಾಜೇಶ್ವರ ದೇವಸ್ಥಾನದ ಆಸುಪಾಸಿನಲ್ಲಿ ತಮ್ಮ ಮತ್ತು ಮುಖ್ಯಮಂತ್ರಿ ಸಿದ್ದರಾಮಯ್ಯನವರ ವಿರುದ್ಧ ಪ್ರಾಣಿಬಲಿ ಕೊಟ್ಟು ಶತ್ರುಸಂಹಾರದ ಯಾಗ ನಡೆಯುತ್ತಿದೆ ಎಂದರು. ಅಂಥದ್ದು ನಡೆದಿರುವ ಸಂಭವವಿಲ್ಲ ಎಂದು ಉತ್ತರ ಹೇಳಿದವರು ಕೇರಳದ ಅಂದಿನ ದೇವಸ್ವಂ ಸಚಿವ ಕೆ. ರಾಧಾಕೃಷ್ಣನ್. ಅವರು ದಲಿತರು. ಅದರ ಹಿಂದಿನ ವರ್ಷ, 2023ರಲ್ಲಿ, ಪಯ್ಯನ್ನೂರಿನ ದೇವಸ್ಥಾನವೊಂದರ ಸಮಾರಂಭದಲ್ಲಿ ಪೂಜಾರಿಗಳು ದೀಪ ಹಚ್ಚುವ ಬತ್ತಿಯನ್ನು ತಮ್ಮ ಕೈಗೆ ಕೊಡದೆ ನೆಲದ ಮೇಲಿಟ್ಟರೆಂದು ಅವರೇ ಹೇಳಿಕೊಂಡಿದ್ದರು. ದೇವಸ್ಥಾನಗಳ ಖಾತೆಯ ಮಂತ್ರಿಗೇ ಆದದ್ದು ಇದು. ನೂರಾರು ಜನರ ಎದುರಿಗೆ ನಡೆದ ಆ ಅಸ್ಪೃಶ್ಯತೆ ಒಂದು ವಾರದ ಸುದ್ದಿಯಾಗಿ ಹೋಯಿತು. ಯಾರೂ ಕಾಣದ ಯಾಗ ಮಾತ್ರ ನಮ್ಮ ಟೀ ಅಂಗಡಿಗಳಲ್ಲಿ ತಿಂಗಳುಗಟ್ಟಲೆ ಉರಿಯಿತು.

ಮೇ 30 ಇನ್ನೊಂದು ಕಾರಣಕ್ಕೂ ನೆನಪಿಡಬೇಕಾದ ದಿನ. ಅಲ್ಲಿಗೆ ಆಮೇಲೆ ಬರುತ್ತೇನೆ.

'ಗುಪ್ತ ಸಂಬಂಧ' ಎನ್ನುತ್ತಾರಲ್ಲ, ಹಾಸನ ಜಿಲ್ಲೆಯ ಅಧಿಕಾರದ ಸಂಬಂಧಗಳಲ್ಲಿ ಗುಪ್ತವಾದದ್ದು ಏನಿದೆ? 1977ರಿಂದ ಈಚೆಗೆ ಹಾಸನದಿಂದ ಲೋಕಸಭೆಗೆ ಹೋದವರ ಹೆಸರುಗಳನ್ನು ಹೇಳಿ ನೋಡಿ: ಎಸ್. ನಂಜೇಶಗೌಡ, ಅರಕಲಗೂಡಿನ ಎಚ್.ಎನ್. ನಂಜೇಗೌಡ, ಎಚ್.ಸಿ. ಶ್ರೀಕಂಠಯ್ಯ, ಎಚ್.ಡಿ. ದೇವೇಗೌಡ, ರುದ್ರೇಶಗೌಡ, ಜಿ. ಪುಟ್ಟಸ್ವಾಮಿಗೌಡ, ಮತ್ತೆ ದೇವೇಗೌಡ, ಪ್ರಜ್ವಲ್ ರೇವಣ್ಣ, ಶ್ರೇಯಸ್ ಪಟೇಲ್. ಪಕ್ಷ ಮೂರ್ನಾಲ್ಕು ಬದಲಾಗಿವೆ, ಪ್ರಬಲ ಜಾತಿಗಳ ಹಿಡಿತ ಬದಲಾಗಿಲ್ಲ. ದೇವೇಗೌಡರನ್ನು 1989ರಲ್ಲಿ ಹೊಳೆನರಸೀಪುರ ವಿಧಾನಸಭೆಗೆ, 1999ರಲ್ಲಿ ಹಾಸನ ಲೋಕಸಭೆಗೆ ಸೋಲಿಸಿದವರು ಪುಟ್ಟಸ್ವಾಮಿಗೌಡರು. 2024ರಲ್ಲಿ ದೇವೇಗೌಡರ ಮೊಮ್ಮಗನನ್ನು 40,000ಕ್ಕೂ ಹೆಚ್ಚು ಮತಗಳಿಂದ ಸೋಲಿಸಿದವರು ಪುಟ್ಟಸ್ವಾಮಿಗೌಡರ ಮೊಮ್ಮಗ. ಇದನ್ನು ಜನ ಮಹಾಭಾರತದಂತೆ ಹೇಳುತ್ತಾರೆ. ಆದರೆ ಈ ಮಹಾಭಾರತದಲ್ಲಿ ಎರಡು ಕಡೆಯೂ ಒಂದೇ ವಂಶದವರು. ಏಕಲವ್ಯನಿಗೆ ಟಿಕೆಟ್ ಇಲ್ಲ. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆಯ ಸುಮಾರು ಐದನೇ ಒಂದು ಭಾಗ ಪರಿಶಿಷ್ಟ ಜಾತಿಯವರು. 2008ರ ಮರುವಿಂಗಡಣೆಯ ನಂತರ ಅವರಿಗೆ ಮೀಸಲಾಗಿ ಉಳಿದದ್ದು ಸಕಲೇಶಪುರವೊಂದೇ. ಮೀಸಲಿಲ್ಲದ ಕಡೆ ಅವರನ್ನು ನಿಲ್ಲಿಸುವ ಧೈರ್ಯ ಯಾವ ಪಕ್ಷಕ್ಕಿದೆ?

ಅಧಿಕಾರ ಇಲ್ಲಿ ಕದ್ದು ಓಡಾಡುವುದಿಲ್ಲ. ಅದು ಹಾಲಿನ ಡೇರಿಯಲ್ಲಿ, ಸೊಸೈಟಿಯಲ್ಲಿ, ಎಪಿಎಂಸಿಯಲ್ಲಿ, ಹೇಮಾವತಿ ನಾಲೆಯ ಮೇಲ್ಭಾಗದ ಗದ್ದೆಯಲ್ಲಿ, ಮದುವೆ ಕರೆಯೋಲೆಯಲ್ಲಿ ಹೆಸರು ಹಾಕಿಸಿಕೊಂಡೇ ಕೂತಿದೆ. ಇಷ್ಟು ಬಯಲಾಗಿರುವುದನ್ನು ಬಿಟ್ಟು, ಮುಚ್ಚಿಟ್ಟದ್ದನ್ನು ಹುಡುಕುವ ಚಟ ನಮಗೇಕೆ ಅಂಟಿತು? ಒಂದು ಕಾರಣ ನನಗೆ ಹೊಳೆಯುವುದು ಹೀಗೆ. ಬಯಲಾಗಿರುವುದನ್ನು ಹೇಳಿದರೆ ಹೇಳಿದವನಿಗೆ ತೊಂದರೆ. ನಾಳೆ ಶುಂಠಿ ಗದ್ದೆಗೆ, ಹೊಗೆಸೊಪ್ಪಿನ ಬೇಯ್ಸೋ ಮನೆಗೆ ಕೂಲಿಗೆ ಕರೆಯುವವರು ಅವರೇ. ಗುಟ್ಟನ್ನು ಹೇಳಿದರೆ ಮಾತ್ರ ಯಾರೂ ಕೋಪಿಸಿಕೊಳ್ಳುವುದಿಲ್ಲ, ಬದಲಿಗೆ ಗೊತ್ತಿರುವವನೆಂಬ ಮರ್ಯಾದೆ ಸಿಗುತ್ತದೆ. ಅಧಿಕಾರವಿಲ್ಲದವನು ಗುಟ್ಟಿನ ಮೂಲಕ ಅಧಿಕಾರದ ಪಕ್ಕ ಒಂದು ಗಳಿಗೆ ಕೂತು ಎದ್ದು ಬರುತ್ತಾನೆ. ಅದನ್ನು ನಾನು ಕೀಳಾಗಿ ಕಾಣಲಾರೆ.

ಅಲ್ಲದೆ ನಮ್ಮವರ ಅನುಮಾನಕ್ಕೆ ಚರಿತ್ರೆಯಲ್ಲಿ ಆಧಾರವೂ ಇದೆ. ಸರ್ಕಾರ ದಲಿತರಿಗೆ ಮಂಜೂರು ಮಾಡಿದ ಜಮೀನು ಸಾಲಕ್ಕೆ, ಹೆಂಡಕ್ಕೆ, ಮದುವೆಯ ಮುಂಗಡಕ್ಕೆ ಒಂದು ಹೆಬ್ಬೆಟ್ಟಿನಲ್ಲಿ ಕೈಬಿಟ್ಟುಹೋದ ಕಥೆ ಇಲ್ಲದ ಕೇರಿ ಇದೆಯೇ? ಅದನ್ನು ತಡೆಯಲೆಂದೇ 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ಆಮೇಲೆ, ತಡವಾಗಿ ಅರ್ಜಿ ಹಾಕಿದಿರಿ ಎಂಬ ಕಾರಣಕ್ಕೆ ಕೋರ್ಟುಗಳಲ್ಲಿ ಸೋಲಾಗತೊಡಗಿತು. 2017ರಲ್ಲಿ ಸುಪ್ರೀಂ ಕೋರ್ಟು 'ಸಮಂಜಸ ಅವಧಿ'ಯ ಮಾತಾಡಿದ ಮೇಲಂತೂ ನೂರಾರು ಕುಟುಂಬಗಳ ಬಾಗಿಲು ಮುಚ್ಚಿತು. ಕಾಲಮಿತಿಯಿಲ್ಲವೆಂದು ತಿದ್ದುಪಡಿ ಬಂದದ್ದು 2023ರಲ್ಲಿ, ಅದೂ ದಲಿತರು ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತ ಮೇಲೆ. ಇದೆಲ್ಲ ಪಿತೂರಿಯಲ್ಲವೇ ಎಂದರೆ, ಹೌದು. ಆದರೆ ಈ ಪಿತೂರಿಗೆ ಕತ್ತಲಕೋಣೆ ಬೇಕಿರಲಿಲ್ಲ. ಅದು ಪಹಣಿಯ ಕಾಲಮ್ಮಿನಲ್ಲಿ, ಸಬ್ ರಿಜಿಸ್ಟ್ರಾರ ಸೀಲಿನೊಂದಿಗೆ, ಹಗಲು ಹನ್ನೊಂದು ಗಂಟೆಗೆ ನಡೆಯಿತು. ವಾಟ್ಸಾಪಿನ ಯಾವ ಪಿತೂರಿ ಕಥೆಯಲ್ಲೂ ಒಂದು ಸರ್ವೇ ನಂಬರ್ ಇರುವುದನ್ನು ನಾನು ಕಂಡಿಲ್ಲ.

ಇನ್ನು ಚರಿತ್ರೆಯನ್ನೇ ಪಿತೂರಿ ಕಥನವಾಗಿ ತಿರುಗಿ ಬರೆಯುವ ಕೆಲಸ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದೊಡನೆ ಕಾದಾಡುತ್ತ ಟಿಪ್ಪು ಸತ್ತದ್ದಕ್ಕೆ ದಾಖಲೆಗಳಿವೆ. ಆದರೂ 2022ರ ನವೆಂಬರ್‌ನಲ್ಲಿ ಮೈಸೂರು ರಂಗಾಯಣದ 'ಟಿಪ್ಪು ನಿಜಕನಸುಗಳು' ನಾಟಕದ ನಂತರ, ಉರಿಗೌಡ–ನಂಜೇಗೌಡರೆಂಬ ಇಬ್ಬರು ಒಕ್ಕಲಿಗ ವೀರರು ಟಿಪ್ಪುವನ್ನು ಕೊಂದರೆಂದೂ, ಆ ಸತ್ಯವನ್ನು ಇತಿಹಾಸಕಾರರು ಕೂಡಿಕೊಂಡು ಮುಚ್ಚಿಟ್ಟರೆಂದೂ ಪ್ರಚಾರವಾಯಿತು. 2023ರ ಮಾರ್ಚಿನಲ್ಲಿ ಪ್ರಧಾನಿಯ ಭೇಟಿಯ ಹೊತ್ತಿಗೆ ಮಂಡ್ಯದಲ್ಲಿ ಅವರ ಹೆಸರಿನ ಕಮಾನೂ ಎದ್ದು, ವಿರೋಧ ಬಂದು ಹೆಸರು ಬದಲಾಯಿತು. ಸಿನಿಮಾ ಮಾಡಹೊರಟಿದ್ದ ಸಚಿವ ಮುನಿರತ್ನ ಅವರನ್ನು ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿ ಕರೆದು ಹೇಳಿದ ಮೇಲೆ ಕಥೆ ತಣ್ಣಗಾಯಿತು. ನನ್ನ ತರಗತಿಯಲ್ಲಿ ಆಗ ಹುಡುಗರು ದಿನಾ ಕೇಳುತ್ತಿದ್ದರು, "ಸಾರ್, ಇದು ಪುಸ್ತಕದಲ್ಲಿ ಯಾಕಿಲ್ಲ?" ಅಂತ. ದಾಖಲೆ ಇಲ್ಲದಿರುವುದೇ ಮುಚ್ಚಿಟ್ಟದ್ದಕ್ಕೆ ಸಾಕ್ಷಿ ಎಂಬ ತರ್ಕಕ್ಕೆ ಉತ್ತರ ಕೊಡುವುದು ಚರಿತ್ರೆಯ ಮೇಷ್ಟರಿಗೆ ಕಷ್ಟ.

ನನ್ನನ್ನು ಕಾಡಿದ್ದು ಬೇರೆ. ಸುಳ್ಳು ಚರಿತ್ರೆಯನ್ನು ನಿಲ್ಲಿಸಿದ್ದು ವಿಶ್ವವಿದ್ಯಾಲಯದ ಇತಿಹಾಸ ವಿಭಾಗವಲ್ಲ, ಮಠ. ಒಂದು ಪ್ರಬಲ ಕೋಮಿಗೆ ತನ್ನ ಮೇಲೆ ಹೊರಿಸಿದ ಸುಳ್ಳನ್ನು ಒಂದೇ ಮಾತಿನಲ್ಲಿ ನಿಲ್ಲಿಸುವ ಸಂಸ್ಥೆ ಇದೆ. ದಲಿತರ ಮೇಲೆ ಹೊರಿಸಿದ ಸುಳ್ಳುಗಳಿಗೆ ಅಂಥ ಬಾಗಿಲೆಲ್ಲಿದೆ? 1927ರ ಮಾರ್ಚ್ 20ರಂದು ಮಹಾಡಿನಲ್ಲಿ ಅಂಬೇಡ್ಕರ್ ಜೊತೆ ಸಾವಿರಾರು ಜನ ಚವದಾರ್ ಕೆರೆಯ ನೀರು ಕುಡಿದರು. ಕುಡಿದು ಊಟಕ್ಕೆ ಕೂರುವ ಹೊತ್ತಿಗೆ, ಇವರು ವೀರೇಶ್ವರ ದೇವಸ್ಥಾನಕ್ಕೂ ನುಗ್ಗುವ ಸಂಚು ಮಾಡಿದ್ದಾರೆಂಬ ಗಾಳಿಸುದ್ದಿ ಹಬ್ಬಿ ಸವರ್ಣರು ದೊಣ್ಣೆ ಹಿಡಿದು ಬಂದರು. ಎಲ್ಲರೆದುರು ಕುಡಿದ ನೀರಿಗೆ ಬೀಳಬೇಕಾದ ಏಟು, ಇಲ್ಲದ ಸಂಚಿನ ಹೆಸರಲ್ಲಿ ಬಿತ್ತು. ದುಂಡುಮೇಜಿನ ಪರಿಷತ್ತಿಗೆ ಹೋದದ್ದಕ್ಕೆ ಅಂಬೇಡ್ಕರ್ ಬ್ರಿಟಿಷರ ಏಜೆಂಟರಾದರು. ಆ ಹಳೆಯ ಆರೋಪವನ್ನೇ 1997ರಲ್ಲಿ ಅರುಣ್ ಶೌರಿ ದಪ್ಪ ಪುಸ್ತಕವಾಗಿ ಬರೆದರು. ದಲಿತನೊಬ್ಬ ತಾನೇ ಯೋಚಿಸಿ ತಾನೇ ನಡೆದ ಎಂಬುದನ್ನು ಒಪ್ಪಲು ಈ ಸಮಾಜಕ್ಕೆ ಎಷ್ಟು ಕಷ್ಟವೆಂದರೆ, ಅವನ ಹಿಂದೆ ಒಂದು ಸಾಮ್ರಾಜ್ಯವನ್ನೇ ತಂದು ನಿಲ್ಲಿಸಬೇಕಾಗುತ್ತದೆ.

ನಮ್ಮ ಜಿಲ್ಲೆಯಲ್ಲಿ ಇದು ಹೇಗೆ ನಡೆಯಿತು ನೋಡಿ. 2015ರ ಆಗಸ್ಟ್ ಕೊನೆಯಲ್ಲಿ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ಸ್ತ್ರೀಶಕ್ತಿ ಸಂಘದ ದಲಿತ ಹೆಂಗಸರು ಬಸವೇಶ್ವರನ ಗುಡಿಯೊಳಕ್ಕೆ ಹೋಗಿ ಪೂಜೆ ಮಾಡಿಸಿದರು. ಶ್ರಾವಣ ಮಾಸ, ಎಲ್ಲರೂ ಹೋಗುವ ಹಾಗೆ ಹೋದರು. ಊರಿನವರು ದಂಡ ಹಾಕಿದರು. ವಿಷಯ ಪತ್ರಿಕೆಗೆ ಬಂತು, ಶಾಂತಿಸಭೆಗಳಾದವು, 2016ರ ಏಪ್ರಿಲ್‌ನಲ್ಲಿ ಜಿಲ್ಲಾಡಳಿತವೇ ಪೊಲೀಸರನ್ನಿಟ್ಟುಕೊಂಡು ಮುಂದೆ ನಿಲ್ಲಬೇಕಾಯಿತು. ಆಗಷ್ಟೇ ಪಿಯುಸಿ ದಾಟಿದ್ದ ನನಗೆ ನೆನಪಿರುವುದು ಬಸ್ಸುಗಳಲ್ಲಿ ಕೇಳಿಬಂದ ಒಂದೇ ಪ್ರಶ್ನೆ: "ಈ ಹೆಂಗಸ್ರನ್ನ ಎತ್ತಿಕಟ್ಟಿರೋರು ಯಾರು?" ಯಾವ ಪಕ್ಷ, ಯಾವ ಸಂಘಟನೆ, ಯಾವ ಅಧಿಕಾರಿ ಎಂದೆಲ್ಲ ಜನ ಲೆಕ್ಕ ಹಾಕಿದರು. ಬೀಗ ಹಾಕಿದವರ ಹಿಂದೆ ಯಾರವ್ರೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಬೀಗ ಹಾಕುವುದು ಸಹಜ, ಬಾಗಿಲು ದಾಟುವುದು ಸಂಚು. ಸಂಘದ ಲೆಕ್ಕಪುಸ್ತಕ ಇಟ್ಟು, ವಾರದ ಉಳಿತಾಯ ಕಟ್ಟಿ, ಬ್ಯಾಂಕಿನ ಮೆಟ್ಟಿಲು ಹತ್ತಿ ಬಂದ ಹೆಂಗಸರಿಗೆ ಗುಡಿಯ ಮೆಟ್ಟಿಲು ಹತ್ತಬೇಕೆಂಬ ಮನಸ್ಸು ತಾನಾಗಿಯೇ ಬಂದಿರಬಹುದು ಎಂಬುದು ಆ ಲೆಕ್ಕಗಳಲ್ಲಿ ಎಲ್ಲೂ ಬರಲಿಲ್ಲ. 2021ರಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ದಿಂಡಗೂರಿನಲ್ಲೂ ದಲಿತರು ಅಧಿಕಾರಿಗಳ ಸಮ್ಮುಖದಲ್ಲಿ ದೇವಸ್ಥಾನಗಳಿಗೆ ಕಾಲಿಟ್ಟಾಗ ಕೇಳಿಬಂದ ಪ್ರಶ್ನೆ ಬದಲಾಗಿರಲಿಲ್ಲ.

ಈ ಪ್ರಶ್ನೆ ಬಸ್ಸಿನಿಂದ ಪೊಲೀಸ್ ಠಾಣೆಗೆ ಬಂದರೆ ಏನಾಗುತ್ತದೆ ಎಂಬುದಕ್ಕೆ ಭೀಮಾ ಕೋರೆಗಾಂವ್ ಇದೆ. 1818ರ ಯುದ್ಧದ ಇನ್ನೂರನೇ ವರ್ಷಕ್ಕೆ 2018ರ ಜನವರಿ 1ರಂದು ಸೇರಿದ ದಲಿತರ ಮೇಲೆ ಕಲ್ಲು ಬಿದ್ದವು. ಕೇಸು ಬೆಳೆದು ಬೆಳೆದು ದೇಶದ ವಿರುದ್ಧದ ಪಿತೂರಿಯಾಗಿ, ಆನಂದ ತೇಲ್ತುಂಬ್ಡೆಯವರು 2020ರ ಏಪ್ರಿಲ್ 14ರಂದು, ಅಂಬೇಡ್ಕರ್ ಜಯಂತಿಯ ದಿನವೇ, ಶರಣಾಗಬೇಕಾಯಿತು. ಎರಡೂವರೆ ವರ್ಷ ಒಳಗಿದ್ದರು.

ಈಗ 2024ರ ಬೇಸಿಗೆಗೆ ಬರೋಣ. ಏಪ್ರಿಲ್ 26ರ ಮತದಾನಕ್ಕೆ ಕೆಲವೇ ದಿನ ಮೊದಲು ಹಾಸನದ ಬೀದಿಗಳಲ್ಲಿ ಪೆನ್‌ಡ್ರೈವುಗಳು ಬಿದ್ದವು. ಅವುಗಳಲ್ಲಿ ಇದ್ದದ್ದು ಹೆಂಗಸರ ಮೇಲಿನ ದೌರ್ಜನ್ಯ, ಅವರ ಮುಖಗಳನ್ನೂ ಮರೆಮಾಡದೆ. ಮತದಾನದ ಮರುದಿನ ಸಂಸದ ಜರ್ಮನಿಗೆ ಹೋದರು. ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು. ಆ ಒಂದು ತಿಂಗಳು ನಮ್ಮ ಜಿಲ್ಲೆ ಮಾತಾಡಿದ್ದು ಏನು? ಪೆನ್‌ಡ್ರೈವ್ ಹಂಚಿದವರು ಯಾರು. ಕಾಂಗ್ರೆಸ್ಸಿನವರೋ, ಬಿಜೆಪಿಯ ಒಳಗಿನವರೋ, ಮನೆಯೊಳಗಿನವರೋ, ಹಳೆಯ ಡ್ರೈವರೋ. ಒಂದು ಪಕ್ಷ ಇನ್ನೊಂದರ ಮೇಲೆ ಪಿತೂರಿ ಎಂದಿತು, ಇನ್ನೊಂದು ಇದರ ಮೇಲೆ. ಟಿವಿಗಳು ಆಡಿಯೋ ತುಣುಕುಗಳನ್ನು ಹಾಕಿ ಹಾಕಿ ಕೇಳಿಸಿದವು.

ಹಂಚಿದವರು ಅಪರಾಧಿಗಳಲ್ಲ ಎಂದು ನಾನು ಹೇಳುತ್ತಿಲ್ಲ. ಆ ಹೆಂಗಸರ ಮುಖ ಬೀದಿಗೆ ಎಸೆದದ್ದು ಎರಡನೆಯ ದೌರ್ಜನ್ಯ. ಆದರೆ 'ಯಾರು ಹಂಚಿದರು' ಎಂಬ ಪ್ರಶ್ನೆ 'ಯಾರು ಮಾಡಿದರು' ಎಂಬ ಪ್ರಶ್ನೆಯ ಮೇಲೆ ಕಂಬಳಿ ಹೊದಿಸಿತು. ಇದರಲ್ಲಿ ಗುಟ್ಟಾದರೂ ಎಷ್ಟಿತ್ತು? 2023ರ ಜೂನ್‌ನಲ್ಲೇ ಆ ಸಂಸದ ಮಾಧ್ಯಮಗಳ ವಿರುದ್ಧ ಬೆಂಗಳೂರಿನ ನ್ಯಾಯಾಲಯದಿಂದ ತಡೆಯಾಜ್ಞೆ ತಂದಿದ್ದರು. ಅದೇ ಡಿಸೆಂಬರ್‌ನಲ್ಲಿ ಹೊಳೆನರಸೀಪುರದ ಬಿಜೆಪಿ ಅಭ್ಯರ್ಥಿಯಾಗಿದ್ದವರು ತಮ್ಮ ಪಕ್ಷದ ರಾಜ್ಯಾಧ್ಯಕ್ಷರಿಗೆ ವಿಡಿಯೋಗಳ ಬಗ್ಗೆ ಪತ್ರ ಬರೆದಿದ್ದರು. ಆದರೂ 2023ರಲ್ಲೇ ಆಗಿದ್ದ ಮೈತ್ರಿಯಲ್ಲಿ, 2024ರಲ್ಲಿ ಅದೇ ವ್ಯಕ್ತಿಗೆ ಟಿಕೆಟ್ ಸಿಕ್ಕಿತು. ತಿಳಿದಿದ್ದವರೆಲ್ಲ ಸುಮ್ಮನಿದ್ದದ್ದಕ್ಕೆ ಪಿತೂರಿಯ ಅಗತ್ಯವಿರಲಿಲ್ಲ. ತೋಟದ ಮನೆಯ ಕೆಲಸದವಳ ವಿಷಯಕ್ಕೆ ಮಾತಾಡಬೇಕೆಂದು ಯಾರಿಗೂ ಅನ್ನಿಸಲಿಲ್ಲ, ಅಷ್ಟೇ. ಯಜಮಾನ ಸಂಸ್ಕೃತಿ ಎಂದರೆ ಇದೇ. ಅದು ಸಭೆ ಸೇರಿ ತೀರ್ಮಾನ ಮಾಡುವುದಿಲ್ಲ, ತೀರ್ಮಾನ ಮೊದಲೇ ಆಗಿರುತ್ತದೆ.

ಮೇ 30ರಂದು ನಾಡಿನ ಮೂಲೆಮೂಲೆಯಿಂದ ಮಹಿಳಾ, ದಲಿತ, ಕಾರ್ಮಿಕ ಸಂಘಟನೆಗಳ ಜನ ಹಾಸನಕ್ಕೆ ಬಂದು ಮೆರವಣಿಗೆ ಮಾಡಿದರು. ಹಾಸನದ ರಸ್ತೆಯಲ್ಲಿ ಅಷ್ಟು ಹೆಂಗಸರು, ಆ ಹೆಸರನ್ನು ಎತ್ತಿ ಅಷ್ಟು ಗಟ್ಟಿಯಾಗಿ ಕೂಗಿದ್ದನ್ನು ನಮ್ಮೂರ ಕಡೆಯವರು ಕಂಡಿರಲಿಲ್ಲ. ಅದೇ ದಿನ ಬೆಂಗಳೂರಿನಲ್ಲಿ ಆ ಯಾಗದ ಮಾತು ಬಂತು. ಅದೇ ಮಧ್ಯರಾತ್ರಿ ದಾಟಿದ ಮೇಲೆ ಮ್ಯೂನಿಕ್‌ನಿಂದ ಬಂದ ವಿಮಾನದಲ್ಲಿ ಇಳಿದ ಆರೋಪಿಯ ಬಂಧನವಾಯಿತು. ಮರುದಿನ ಟೀ ಅಂಗಡಿಯಲ್ಲಿ ಯಾಗಕ್ಕೂ ವಿಮಾನಕ್ಕೂ ಗಂಟು ಹಾಕಿ ಕಥೆ ತಯಾರಾಗಿತ್ತು. ಮೆರವಣಿಗೆ ಆ ಕಥೆಯೊಳಗೆ ಇರಲಿಲ್ಲ.

2025ರ ಆಗಸ್ಟ್ 2ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಪ್ರಜ್ವಲ್ ರೇವಣ್ಣನಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮೇಲ್ಮನವಿ ಹೈಕೋರ್ಟಿಗೆ ಹೋಯಿತು. ಆ ಕೇಸು ನಿಂತದ್ದು ಹೊಳೆನರಸೀಪುರದ ತೋಟದ ಮನೆಯಲ್ಲಿ ಕೆಲಸಕ್ಕಿದ್ದ ಒಬ್ಬ ಹೆಂಗಸಿನ ಮಾತಿನ ಮೇಲೆ, ಮತ್ತು ಆ ಮನೆಯಲ್ಲಿ ಸಿಕ್ಕ ಅವಳ ಒಂದು ಸೀರೆಯ ಮೇಲೆ. ಪ್ರಯೋಗಾಲಯದ ಪರೀಕ್ಷೆಯಲ್ಲಿ ಆ ಸೀರೆ ಹೇಳಬೇಕಾದದ್ದನ್ನು ಹೇಳಿತು. ಇಡೀ ಜಿಲ್ಲೆ ಹಿಂದಿನ ಕೈ ಹುಡುಕುತ್ತಿದ್ದಾಗ ಅವಳು ಕಟಕಟೆಯಲ್ಲಿ ನಿಂತು ಪಾಟೀಸವಾಲಿಗೆ ಉತ್ತರ ಕೊಟ್ಟಳು. ಅವಳ ಹಿಂದೆ ಯಾರವ್ರೆ ಎಂದು ಇವತ್ತಿಗೂ ಕೇಳುವವರಿದ್ದಾರೆ.

ಇಷ್ಟು ಬರೆದು ನಿಲ್ಲಿಸಿದರೆ ಇದು ಅವರ ಮೇಲಿನ ಆರೋಪಪಟ್ಟಿಯಾದೀತು. ನಮ್ಮೊಳಗೂ ಈ ರೋಗ ಇದೆ. 2005ರಲ್ಲಿ ನೇಮಕವಾದ ಸದಾಶಿವ ಆಯೋಗ 2012ರಲ್ಲಿ ವರದಿ ಕೊಟ್ಟ ಮೇಲೆ ಅದು ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಕೂತಿತು. ಆ ವರ್ಷಗಳಲ್ಲಿ ಎಡಗೈಯವರು ಬಲಗೈಯವರನ್ನು, ಬಲಗೈಯವರು ಎಡಗೈಯವರನ್ನು ಅನುಮಾನಿಸಿದ್ದಕ್ಕೆ ಲೆಕ್ಕವಿಲ್ಲ. ಒಂದೇ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಒಂದೇ ಅಂಬೇಡ್ಕರ್ ಫೋಟೋದ ಕೆಳಗೆ ಕೂತು, "ನಿಮ್ಮೋರು ಮಂತ್ರಿ ಹತ್ರ ಹೋಗಿದ್ರಂತೆ", "ನಿಮ್ಮೋರಿಗೆ ಆರೆಸ್ಸೆಸ್ಸಿನೋರು ದುಡ್ಡು ಕೊಟ್ರಂತೆ" ಎಂದು ಮಾತಾಡಿಕೊಂಡವರು ನಾವು. ವರದಿಯನ್ನು ಪೆಟ್ಟಿಗೆಯಲ್ಲಿಟ್ಟ ಸರ್ಕಾರಗಳಿಗೆ, ಮೂರು ಪಕ್ಷದವಕ್ಕೂ, ಇದರಿಂದ ಎಷ್ಟು ಅನುಕೂಲವಾಯಿತು ಎಂಬುದು ನಮಗೆ ಹೊಳೆಯಲೇ ಇಲ್ಲ.

2024ರ ಆಗಸ್ಟ್ 1ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ನಾಗಮೋಹನದಾಸ್ ಆಯೋಗ ಕೂತು, 2025ರ ಆಗಸ್ಟ್ 4ರಂದು ವರದಿ ಕೊಟ್ಟಿತು. ಅದು ಅಲೆಮಾರಿ ಸಮುದಾಯಗಳಿಗೆಂದೇ ಪ್ರತ್ಯೇಕವಾಗಿ ಶೇಕಡ 1ನ್ನು ತೆಗೆದಿಟ್ಟಿತ್ತು. ಆಗಸ್ಟ್ 19ರಂದು ಸಚಿವ ಸಂಪುಟ ಶೇಕಡ 17ನ್ನು 6, 6, 5 ಎಂದು ಹಂಚುವಾಗ ಆ ಒಂದು, ಐದರ ಗುಂಪಿನೊಳಗೆ ಕರಗಿಹೋಯಿತು. ಅಲೆಮಾರಿಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತರು. ಶಾಸನಸಭೆಯಲ್ಲಿ ಒಬ್ಬನೇ ಒಬ್ಬ ಪ್ರತಿನಿಧಿಯಿಲ್ಲದ, ಎಷ್ಟೋ ಕಡೆ ಮನೆ ನಂಬರೂ ಇಲ್ಲದ ಜನ. ಆ ದಿನಗಳಲ್ಲಿ ಅರಕಲಗೂಡು ತಾಲ್ಲೂಕಿನ ನಮ್ಮ ಕೇರಿಯ ಜಗಲಿಯ ಮೇಲೆ ಮಾತು ಬಂತು. ತಿಳಿದವರು, ಸಂಘಟನೆಯಲ್ಲಿ ಇಪ್ಪತ್ತು ವರ್ಷ ದುಡಿದವರು, ಬೀಡಿ ಆರಿಸಿ ದನಿ ತಗ್ಗಿಸಿ ಕೇಳಿದರು: "ಅಲ್ಲಪ್ಪ ಮೇಷ್ಟ್ರೇ, ಈ ಅಲೆಮಾರಿಗಳ ಹಿಂದೆ ಯಾರವ್ರೆ?"